ಅಪ್‌ಡೇಟ್: ಫೌಂಡೇಶನ್ ಡಿಗ್ರಿ ಆದಮೇಲೆ ಟಾಪ್-ಅಪ್ ಸೇರಿದೆ
ಹೋದ ವರ್ಷ ಕೇಳಿದ್ದೆ: ಇಂಗ್ಲೆಂಡಿನಲ್ಲಿ ಮಕ್ಕಳ ನರ್ಸರಿ ಕೆಲಸದ ಜೊತೆ ಫೌಂಡೇಶನ್ ಡಿಗ್ರಿ (ಬಿಎಯ ಮೊದಲ ಎರಡು ವರ್ಷಕ್ಕೆ ಸಮನಾದ, ಕೆಲಸಕ್ಕೆ ಹೊಂದಿದ ಕೋರ್ಸ್) ಮುಗಿಸಿದ್ದೇನೆ, ನೇರವಾಗಿ ಬಿಎ ಕೊನೇ ವರ್ಷಕ್ಕೆ, ಅಂದರೆ ಟಾಪ್-ಅಪ್‌ಗೆ, ಸೇರಬಹುದಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಸೇರಿದೆ, ಆದರೆ ಸುಲಭವಾಗಿ ಅಲ್ಲ.

ಲೆಕ್ಕ ನೋಡಿದರೆ ಸರಳ. ನನ್ನ ಹತ್ತಿರ 240 ಕ್ರೆಡಿಟ್ (ಓದು ಎಷ್ಟಾಗಿದೆ ಅನ್ನುವ ಅಳತೆ) ಇತ್ತು, ಆನರ್ಸ್ ಡಿಗ್ರಿಗೆ, ಅಂದರೆ ಪೂರ್ತಿ ಬಿಎಗೆ, 360 ಬೇಕು. ಉಳಿದ 120 ಒಂದೇ ವರ್ಷದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ. ಆದರೆ ನೇರವಾಗಿ ಕೊನೇ ವರ್ಷಕ್ಕೆ ಸೇರಿಸಿಕೊಳ್ಳಲು ನನ್ನ ಕಾಲೇಜಿನ ಒಪ್ಪಂದ ಇದ್ದದ್ದು ಒಂದೇ ಯೂನಿವರ್ಸಿಟಿ ಜೊತೆ. ನಾನು ಮನೆಗೆ ಹತ್ತಿರ ಅಂತ ಬೇರೆ ಕಡೆ ಅರ್ಜಿ ಹಾಕಿದೆ. ಅವರು ನಾನು ಓದಿದ ಮಾಡ್ಯೂಲ್‌ಗಳ (ವಿಷಯಗಳ) ಪಟ್ಟಿ ನೋಡಿ, ಸಂಶೋಧನಾ ವಿಧಾನದ ಪಾಠ ಇಲ್ಲ, ಬೇಸಿಗೆಯಲ್ಲಿ ಆ ಕೊರತೆ ತುಂಬುವ ಬ್ರಿಡ್ಜಿಂಗ್ ಕೋರ್ಸ್ ಮಾಡಿ ಬನ್ನಿ ಅಂದರು. ಸೇರುವ ಮೊದಲೇ ಇದನ್ನು ಕೇಳಬೇಕಿತ್ತು.

ನಿಜವಾದ ಪೆಟ್ಟು ಬಿದ್ದದ್ದು ಮೊದಲ ಪ್ರಬಂಧದಲ್ಲಿ. ಮರಳಿನ ತೊಟ್ಟಿಯಲ್ಲಿ ಆಡುವ ಮಕ್ಕಳ ಬಗ್ಗೆ ನಾಲ್ಕು ಪುಟ ಬರೆದಿದ್ದೆ. ಅಂಚಿನಲ್ಲಿ ಅಧ್ಯಾಪಕರ ಒಂದೇ ಸಾಲು: ‘ವಿವರಣೆ ಚೆನ್ನಾಗಿದೆ, ವಿಮರ್ಶೆ ಎಲ್ಲಿ?’ ಅಂಕ ನೂರಕ್ಕೆ 48. ಆ ರಾತ್ರಿ ತುಂಬಾ ಅತ್ತೆ. ಫೌಂಡೇಶನ್ ಡಿಗ್ರಿಯ ಎರಡು ವರ್ಷವೂ, ಕೆಲಸದ ಅನುಭವ ಬರೆದರೆ ಸಾಕಿತ್ತು, ಇಲ್ಲಿ ಓದಿದ್ದನ್ನು ಪ್ರಶ್ನೆ ಮಾಡಬೇಕು. ನನ್ನ ಕೋರ್ಸಿನಲ್ಲಿ ಡಿಗ್ರಿಯ ಗ್ರೇಡ್ ನಿರ್ಧಾರವಾಗುವುದು ಈ ಒಂದು ವರ್ಷದ ಅಂಕದಿಂದ ಮಾತ್ರ, ಹಳೆಯ ಒಳ್ಳೆ ಅಂಕ ಲೆಕ್ಕಕ್ಕಿಲ್ಲ.

ಈಗ ವಾರಕ್ಕೆ ಒಂದು ದಿನ ಕೆಲಸ ಕಡಿಮೆ ಮಾಡಿಕೊಂಡಿದ್ದೇನೆ. ಲೈಬ್ರರಿಯ ಬರವಣಿಗೆ ಟ್ಯೂಟರ್ ಹತ್ತಿರ ಹೋಗುತ್ತೇನೆ. ಎರಡನೇ ಪ್ರಬಂಧಕ್ಕೆ 61 ಬಂತು. ಡಿಸರ್ಟೇಶನ್ (ಕೊನೆಯ ದೊಡ್ಡ ಸಂಶೋಧನಾ ಪ್ರಬಂಧ) ಮೇ ತಿಂಗಳಲ್ಲಿ ಕೊಡಬೇಕು.