ಕೀನ್ಯಾ ಸೆಮಿಫೈನಲ್‌ಗೆ ಹೋದದ್ದು ಪುಕ್ಕಟೆನಾ?

ಬಿ ಸೆಕ್ಷನ್ ಬಳಗ (ವಾಟ್ಸ್‌ಆ್ಯಪ್ ಗುಂಪು)

ನಾಗರಾಜ (ಫಾರ್ವರ್ಡ್): 2003ರ ಕ್ರಿಕೆಟ್ ವಿಶ್ವಕಪ್! ಪುಟ್ಟ ಕೀನ್ಯಾ ದೈತ್ಯರನ್ನೆಲ್ಲ ಮಣಿಸಿ ಸೆಮಿಫೈನಲ್‌ಗೆ! ಶ್ರೀಲಂಕಾ, ನ್ಯೂಜಿಲೆಂಡ್, ಜಿಂಬಾಬ್ವೆ ಎಲ್ಲ ಧೂಳೀಪಟ! ಐದು ಗುಂಪಿಗೆ ಕಳಿಸಿ.

ರವಿ: ನ್ಯೂಜಿಲೆಂಡ್ ಧೂಳೀಪಟ ಆಗೋಕೆ ನೈರೋಬಿಗೆ ಬಂದಿದ್ರೆ ತಾನೇ? ಹಿಂದಿನ ನವೆಂಬರ್‌ನಲ್ಲಿ ಮೊಂಬಾಸಾದಲ್ಲಿ ಬಾಂಬ್ ದಾಳಿ ಆಗಿತ್ತು, ಭದ್ರತೆ ಇಲ್ಲ ಅಂತ ಫೆಬ್ರವರಿ 21ರ ಮ್ಯಾಚ್ ಬಿಟ್ಟುಕೊಟ್ರು. ಪ್ಯಾಡ್ ಕಟ್ಟದೆ 4 ಪಾಯಿಂಟ್. ವಾಕೋವರ್ ಸೆಮಿಫೈನಲ್ ಅದು.

ಸುಮಾ: ಮೂರೇ ದಿನಕ್ಕೆ ಅದೇ ನೈರೋಬಿಯ ಜಿಮ್ಖಾನಾ ಮೈದಾನದಲ್ಲಿ ಲಂಕಾನ ಹೊಡೆದ್ರಲ್ಲ, ಅದನ್ನ ಯಾಕೆ ನುಂಗಿಬಿಟ್ಟೆ? ಕೀನ್ಯಾ 9ಕ್ಕೆ 210. ಲಂಕಾ 157ಕ್ಕೆ ಆಲೌಟ್. ಕಾಲಿನ್ಸ್ ಒಬುಯಾ ಲೆಗ್‌ಸ್ಪಿನ್, 10 ಓವರ್, 24 ರನ್, 5 ವಿಕೆಟ್. ಅದೂ ವಾಕೋವರಾ?

ರವಿ: ಅದು ಗೆಲುವೇ, ಯಾರು ಇಲ್ಲ ಅಂದ್ರು? ಲೆಕ್ಕ ನೋಡು. ಮೊದಲ ಮೂರು ತಂಡಕ್ಕೆ ಮಾತ್ರ ಮುಂದಿನ ಸುತ್ತು. ಗುಂಪಿನಲ್ಲಿ ಲಂಕಾ 18, ಕೀನ್ಯಾ 16, ನ್ಯೂಜಿಲೆಂಡ್ 16. ವೆಸ್ಟ್ ಇಂಡೀಸ್, ದಕ್ಷಿಣ ಆಫ್ರಿಕಾ ಎರಡೂ 14. ನ್ಯೂಜಿಲೆಂಡ್ ಬಂದು ಗೆದ್ದಿದ್ರೆ ಕೀನ್ಯಾ 12ಕ್ಕೆ ಇಳಿದು ಮನೆಗೆ.

ಸುಮಾ: ಲಂಕಾ ಎದುರು ಸೋತಿದ್ರೂ 12ಕ್ಕೇ ಇಳೀತಿದ್ರು ಕಣೋ. ಎರಡೂ ಬೇಕಿತ್ತು. ಒಂದನ್ನೇ ಹಿಡ್ಕೊಂಡು ಜಗ್ಗಬೇಡ.

ಗಣಪತಿ: ಆ ಗುಂಪಿನಲ್ಲಿ ಪುಕ್ಕಟೆ ಪಡೆದವರು ಕೀನ್ಯಾ ಒಬ್ಬರೇ ಅಲ್ಲ ಮಾರಾಯ. ಬಾಂಗ್ಲಾ ಎದುರು ಗೆಲ್ಲುವ ಮ್ಯಾಚ್ ಮಳೆಗೆ ಹೋಗಿ ವೆಸ್ಟ್ ಇಂಡೀಸ್‌ಗೆ 2 ಪಾಯಿಂಟ್ ನಷ್ಟ. ಆ ಲಾಭ ಬೇರೆಯವರಿಗೆ ತಾನೆ? ಡರ್ಬನ್‌ನಲ್ಲಿ ಲಂಕಾ ಎದುರು ದಕ್ಷಿಣ ಆಫ್ರಿಕಾದ್ದಂತೂ ಕೇಳಲೇಬೇಡಿ. ಮಳೆ ಬಂದಾಗ ಗುರಿ ಲೆಕ್ಕ ಹಾಕುವ ಡಕ್ವರ್ತ್–ಲೂಯಿಸ್ ಪಟ್ಟಿಯಲ್ಲಿ 45 ಓವರಿಗೆ 229 ಅಂತ ಇದ್ದದ್ದು ಟೈ ಆಗುವ ಸ್ಕೋರು. ಅದನ್ನೇ ಗೆಲ್ಲುವ ಸ್ಕೋರು ಅಂತ ಒಳಗಿಂದ ಹೇಳಿ ಕಳಿಸಿದ್ರು. ಬೌಷರ್ ಮುರಳಿಗೆ ಸಿಕ್ಸ್ ಎತ್ತಿ 229 ಮಾಡಿ, ಕೊನೆ ಬಾಲನ್ನು ಮೆತ್ತಗೆ ತಡೆದು ನಿಂತ. ಆಮೇಲೆ ಮಳೆ, ಆಟವೇ ಇಲ್ಲ. ಟೈ, ಇಬ್ಬರಿಗೂ 2 ಪಾಯಿಂಟ್. ಅಲ್ಲಿ ಒಂದು ರನ್ ಓಡಿದ್ದರೆ ನಾಲ್ಕು ತಂಡ 16ಕ್ಕೆ ನಿಂತು ಮೂರು ಜಾಗಕ್ಕೆ ಕಿತ್ತಾಟ.

ರವಿ: ಸರಿ, ಸೂಪರ್ ಸಿಕ್ಸ್‌ಗೆ ಬಾ, ಅಂದ್ರೆ ಎರಡು ಗುಂಪಿನ ಮೂರು ಮೂರು ತಂಡ ಆಡುವ ಮುಂದಿನ ಸುತ್ತಿಗೆ. ಒಳಗೆ ಬಂದ ತಂಡದ ಎದುರು ಗೆದ್ದಿದ್ರೆ 4 ಪಾಯಿಂಟೂ ಜೊತೆಗೆ ಬರುತ್ತೆ, ಹೊರಗೆ ಬಿದ್ದ ತಂಡದ ಎದುರಾದ್ರೆ ಬರೀ 1. ಲಂಕಾ 4, ನ್ಯೂಜಿಲೆಂಡ್ 4, ಕೆನಡಾ 1, ಬಾಂಗ್ಲಾ 1. ಕೀನ್ಯಾ 10ರಿಂದ ಶುರು. ಭಾರತಕ್ಕೇ ಇದ್ದದ್ದು 8! ಆಡದ ಮ್ಯಾಚಿಗೆ ಎರಡು ಸಲ ಸಂಭಾವನೆ.

ಸುಮಾ: ಆ 4 ಕಿತ್ತು ಹಾಕಿ ನೋಡು. 6 ಪಾಯಿಂಟು, ಜಿಂಬಾಬ್ವೆ ಎದುರಿನ ಗೆಲುವಿಗೆ 4, ಒಟ್ಟು 10. ಲಂಕಾ 11.5, ನ್ಯೂಜಿಲೆಂಡ್ 8. ಆಗಲೂ ಕೀನ್ಯಾ ನಾಲ್ಕನೇ ಸ್ಥಾನದಲ್ಲಿ ಸೆಮಿಫೈನಲ್‌ಗೆ! ನಿಜದಲ್ಲಿ ಮೂರನೇ ಸ್ಥಾನದ ಕೀನ್ಯಾ ಸಿಕ್ಕಿದ್ದು ಎರಡನೇ ಸ್ಥಾನದ ಭಾರತಕ್ಕೆ. ಬದಲಾಗೋದು ಎದುರಾಳಿ ಮಾತ್ರ. ಒಂದಕ್ಕೆ ನಾಲ್ಕು, ಎರಡಕ್ಕೆ ಮೂರು ಅಂತ ಜೋಡಿ. ಕೀನ್ಯಾಕ್ಕೆ ಆಸ್ಟ್ರೇಲಿಯಾ, ನಮಗೆ ಮುರಳಿ, ವಾಸ್ ಇದ್ದ ಲಂಕಾ. ಆ ಬಿಟ್ಟಿ 4 ಪಾಯಿಂಟಿನ ಲಾಭ ನಮಗೂ ಆಯ್ತು, ತಿಳ್ಕೋ.

ಇಮ್ರಾನ್: ಇದು ಚೆನ್ನಾಗಿದೆ 😀

ಗಣಪತಿ: ತಂಡದ ತಾಕತ್ತು ನೋಡಬೇಕಾದರೆ ಪಾಯಿಂಟ್ ಪಟ್ಟಿ ಬಿಡಿ, ಮಾರ್ಚ್ 15ರ ಡರ್ಬನ್ ನೋಡಿ. ಕೀನ್ಯಾ 174. ಆಸ್ಟ್ರೇಲಿಯಾ ದಡದಡ ಹೊಡೆಯುತ್ತಾ ಇದೆ. ನಿವೃತ್ತಿಯಿಂದ ವಾಪಸ್ ಬಂದ 39ರ ಆಸಿಫ್ ಕರೀಂ ಎಡಗೈ ಸ್ಪಿನ್ ಹಾಕ್ತಾರೆ: 8.2 ಓವರ್, 6 ಮೇಡನ್, 7 ರನ್, 3 ವಿಕೆಟ್. ಪಾಂಟಿಂಗ್, ಲೆಹ್ಮನ್, ಹಾಗ್. ಗೆದ್ದದ್ದು ಆಸ್ಟ್ರೇಲಿಯಾ, ಪಂದ್ಯಶ್ರೇಷ್ಠ ಕರೀಂ. ಅದಕ್ಕೂ ಹಿಂದೆ 1996ರಲ್ಲಿ ಪುಣೆ. 166 ಹೊಡೆದು ವೆಸ್ಟ್ ಇಂಡೀಸನ್ನು 93ಕ್ಕೆ ಉರುಳಿಸಿದ್ರು.

ರವಿ: ಪುಣೆಯಲ್ಲಿ ಟಾಪ್ ಸ್ಕೋರರ್ ಯಾರು ಹೇಳು? ಎಕ್ಸ್‌ಟ್ರಾ. 37.

ಗಣಪತಿ: ಎಕ್ಸ್‌ಟ್ರಾ ಕೊಟ್ಟದ್ದು ಯಾರು? ಲಾರಾ ಇದ್ದ ಟೀಮೇ ಅಲ್ಲವಾ! ಶಿಸ್ತಾಗಿ ಬೌಲಿಂಗ್ ಮಾಡಬಾರದು ಅಂತ ಕೀನ್ಯಾ ಹೇಳಿತ್ತಾ? ಮೌರಿಸ್ ಒಡುಂಬೆ 15 ರನ್ನಿಗೆ 3 ಕಿತ್ತದ್ದು ಎಕ್ಸ್‌ಟ್ರಾ ಅಲ್ಲ.

ಇಮ್ರಾನ್: ಇಷ್ಟೆಲ್ಲ ಇದ್ದ ಟೀಮು ಆಮೇಲೆ ಎಲ್ಲಿ ಹೋಯ್ತು?

ಸುಮಾ: ಬುಡ ಸಣ್ಣದು. ಕ್ರಿಕೆಟ್ ಇದ್ದದ್ದು ಹೆಚ್ಚುಕಡಿಮೆ ನೈರೋಬಿಯ ಕ್ಲಬ್ಬುಗಳಲ್ಲಿ. ಕೆನಡಿ ಒಟಿಯೆನೊ, ಡೇವಿಡ್, ಕಾಲಿನ್ಸ್ ಮೂವರೂ ಒಬುಯಾ ಮನೆಯ ಅಣ್ಣತಮ್ಮಂದಿರು. ಸುಜಿ ಮನೆಯಿಂದ ಇಬ್ಬರು, ಟಿಕೊಲೊ ಮನೆಯಿಂದ ಮೂವರು. ನಾಲ್ಕೈದು ಮನೆಗಳಿಂದ ಅರ್ಧ ಟೀಮು. ಅವರಿಗೆ ವಯಸ್ಸಾದಾಗ ಹಿಂದೆ ಯಾರೂ ಇರಲಿಲ್ಲ.

ಗಣಪತಿ: ಅದರ ಮೇಲೆ ದುಡ್ಡಿನ ಗಲಾಟೆ, ಆಟಗಾರರ ಮುಷ್ಕರ. 2004ರಲ್ಲಿ ಒಡುಂಬೆಗೆ ಬುಕ್ಕಿಗಳ ಸಹವಾಸಕ್ಕೆ 5 ವರ್ಷ ನಿಷೇಧ. 2005ರಲ್ಲಿ ಹಳೆ ಸಂಸ್ಥೆ ಮುಚ್ಚಿ ಹೊಸದು. ದೊಡ್ಡ ತಂಡಗಳು ಆಡಲು ಕರೆದದ್ದೇ ಅಪರೂಪ. ಸೆಮಿಫೈನಲ್ ಆಡಿದ ತಂಡಕ್ಕೆ ಮ್ಯಾಚೇ ಇಲ್ಲ ಅಂದರೆ ಹುಡುಗರು ಕಲಿಯುವುದು ಯಾರ ಹತ್ತಿರ? 2014ರಲ್ಲಿ ಏಕದಿನ ಮಾನ್ಯತೆಯೂ ಹೋಯ್ತು.

ರವಿ: ಕರೀಬೇಕು ಅಂತ ಯಾಕೆ? 2011ರ ವಿಶ್ವಕಪ್‌ನಲ್ಲಿ ಆಡಿದ್ರಲ್ಲ, ಚೆನ್ನೈನಲ್ಲಿ ನ್ಯೂಜಿಲೆಂಡ್ ಎದುರು 69ಕ್ಕೆ ಆಲೌಟ್. ಆರಕ್ಕೆ ಆರೂ ಸೋಲು.

ಸುಮಾ: ಅದೇ ವಿಶ್ವಕಪ್‌ನಲ್ಲಿ ನಮ್ಮ ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾ 324 ಹೊಡೆದಾಗ ಕೀನ್ಯಾ 6ಕ್ಕೆ 264. 98 ನಾಟ್‌ಔಟ್ ಯಾರು ಗೊತ್ತಾ? ಲಂಕಾದ 5 ವಿಕೆಟ್ ಕಿತ್ತ ಅದೇ ಕಾಲಿನ್ಸ್. ಲೆಗ್‌ಸ್ಪಿನ್ ಕೈಕೊಟ್ಟ ಮೇಲೆ ಬ್ಯಾಟ್ಸ್‌ಮನ್ ಆದವನು. ಎರಡು ರನ್ನಿಗೆ ಸೆಂಚುರಿ ತಪ್ಪಿತು.

ಇಮ್ರಾನ್: ನಮ್ಮ ಕರ್ನಾಟಕದ ಮಾಜಿ ಬೌಲರ್ ದೊಡ್ಡ ಗಣೇಶ್ ಕೋಚ್ ಆಗಿದ್ದು ಇದೇ ಕೀನ್ಯಾಕ್ಕೆ ಅಲ್ವಾ?

ಗಣಪತಿ: ಹೌದು, 2024ರ ಆಗಸ್ಟ್. ನೇಮಕ ನಿಯಮದ ಪ್ರಕಾರ ಆಗಿಲ್ಲ ಅಂತ ಅವರದ್ದೇ ಮಂಡಳಿ ತಿಂಗಳೊಳಗೆ ಮನೆಗೆ ಕಳಿಸ್ತು.

ರವಿ: ನೋಡಿದ್ಯಾ? ಇದಕ್ಕೂ ನ್ಯೂಜಿಲೆಂಡೇ ಕಾರಣನಾ?