ಗೇಮ್ಸ್‌ಕಾಮ್‌ಗೆ ಹೋಗುತ್ತೀಯಲ್ಲ, ಭಾನುವಾರದ ಊಟ ಶನಿವಾರವೇ ತಗೋ

ಪುಟ್ಟ, ನಮ್ಮ ಮನೆಯವರ ಗ್ರೂಪಲ್ಲಿ ನಿನ್ನ ಮೆಸೇಜ್ ಈಗ ನೋಡಿದೆ. ಆಗಸ್ಟ್‌ನಲ್ಲಿ ಕಲೋನ್‌ನ ಗೇಮ್ಸ್‌ಕಾಮ್ ವಿಡಿಯೋ ಗೇಮ್ ಮೇಳಕ್ಕೆ ಶನಿವಾರ, ಭಾನುವಾರ ಎರಡೂ ದಿನ ಹೋಗುತ್ತಿದ್ದೀಯ, ಟಿಕೆಟ್‌ಗೇ ದುಡ್ಡು ಖಾಲಿ, ಊಟಕ್ಕೆ ಏನು ಮಾಡಲಿ ಅಂತ ಕೇಳಿದ್ದೀಯ. ಅದರ ಕೆಳಗೇ ಅತ್ತೆ, ಅಲ್ಲಿ ವೆಜ್ ಸಿಗುತ್ತಾ, ಟಾಯ್ಲೆಟ್ ಗೀಯ್ಲೆಟ್ ಸರಿಯಾಗಿರುತ್ತಾ ಅಂತ ಕೇಳಿದ್ದಾರೆ. ಇಬ್ಬರಿಗೂ ಸೇರಿಸಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಮಾಡುತ್ತಾ ಕೇಳಿಸಿಕೊಳ್ಳಿ.

ಮೊದಲು ಭಾನುವಾರದ ವಿಷಯ. ಜರ್ಮನಿಯಲ್ಲಿ ಭಾನುವಾರ ಸೂಪರ್‌ಮಾರ್ಕೆಟ್ ಮುಚ್ಚಿರುತ್ತದೆ ಅಂತ ನಿನಗೆ ಗೊತ್ತು. ಆದರೆ ಮೇಳದ ಗಲಾಟೆಯಲ್ಲಿ ವಾರ ಯಾವುದು ಅಂತಲೇ ಮರೆತುಹೋಗುತ್ತದೆ ಕಣೋ. ಆಲ್ಡಿ ಇಲ್ಲ, ಲಿಡ್ಲ್ ಇಲ್ಲ, ರೇವೆ ಇಲ್ಲ, ಸೋಪು, ಶ್ಯಾಂಪೂ ಮಾರುವ ಡಿಎಂ ಕೂಡ ಇಲ್ಲ. ತೆರೆದಿರುವುದು ರೈಲ್ವೆ ಸ್ಟೇಷನ್ ಒಳಗಿನ ಅಂಗಡಿಗಳು, ಪೆಟ್ರೋಲ್ ಬಂಕ್, ಬೆಳಿಗ್ಗೆ ಸ್ವಲ್ಪ ಹೊತ್ತು ಕೆಲವು ಬೇಕರಿಗಳು, ಇಂಥವೇ. ಸ್ಟೇಷನ್‌ನಲ್ಲಿ ಎಲ್ಲದಕ್ಕೂ ರೇಟು ಜಾಸ್ತಿ. ಹಾಗಾಗಿ ಶನಿವಾರ ಎಷ್ಟೇ ಸುಸ್ತಾಗಿದ್ದರೂ ವಾಪಸ್ ಬರುವಾಗ ಅಂಗಡಿಗೆ ನುಗ್ಗಿ ಮಾರನೇ ದಿನದ್ದೆಲ್ಲ ತಗೊಂಡುಬಿಡು. ಇದೊಂದು ಮಾಡಿದರೆ ನಿನ್ನ ಅರ್ಧ ಖರ್ಚು ಅಲ್ಲೇ ಉಳಿಯುತ್ತದೆ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, 2025ರಲ್ಲಿ ಅಲ್ಲಿಗೆ 3,57,000 ಜನ ಬಂದಿದ್ದರು. ದೊಡ್ಡ ಗೇಮ್‌ಗಳ ಕ್ಯೂನಲ್ಲಿ ಎರಡು ಮೂರು ಗಂಟೆ ನಿಲ್ಲುವುದು ಮಾಮೂಲು. ಮಧ್ಯೆ ಹಸಿವಾಯಿತು ಅಂತ ಹೊರಗೆ ಬಂದರೆ ಜಾಗ ಹೋಯಿತು. ತಡೆದುಕೊಂಡು ಆಮೇಲೆ ಬಂದರೆ ಕಣ್ಣು ಕತ್ತಲೆ ಬರುವಷ್ಟು ಹಸಿವು, ಆಗ ಎದುರಿಗೆ ಯಾವ ಸ್ಟಾಲ್ ಸಿಕ್ಕಿದರೂ ರೇಟು ನೋಡದೆ ಕಾರ್ಡ್ ತೋರಿಸುತ್ತೀಯ. ದುಡ್ಡು ಹೋಗುವುದು ಆ ಗಳಿಗೆಯಲ್ಲೇ. ಅದಕ್ಕೇ ನಿಂತುಕೊಂಡೇ, ಕೈ ಅಂಟಾಗದೆ ತಿನ್ನುವಂಥದ್ದು ಬ್ಯಾಗಲ್ಲಿ ಇರಬೇಕು. ಲಿಡ್ಲ್‌ನಲ್ಲಿ ಬ್ರೆಡ್ ಬೇಕ್ ಮಾಡಿ ಇಡುವ ಕಪಾಟು ಇದೆಯಲ್ಲ, ಅಲ್ಲಿಂದ ಬ್ರೆಟ್ಸೆಲ್ (ಗಂಟು ಹಾಕಿದಂತಿರುವ ಬ್ರೆಡ್), ಬ್ರ್ಯೋಟ್ಶೆನ್ (ಚಿಕ್ಕ ಬನ್) ತಗೋ. ಚೀಸ್ ಸ್ಲೈಸ್, ಬಾಳೆಹಣ್ಣು, ಒಂದು ಪ್ಯಾಕ್ ಕಡಲೆಬೀಜ. ರೇವೆಗೆ ಹೋದರೆ ಅವರದೇ ‘ಯಾ’ ಅಂತ ಬರುವ ಬಿಳಿ ಪ್ಯಾಕೆಟ್ ನೋಡು, ಅದೇ ಅಗ್ಗ. ಚಾಕೊಲೇಟ್ ಮಾತ್ರ ಬೇಡ, ಆ ಸೆಕೆಗೆ ಕರಗಿ ಬ್ಯಾಗೆಲ್ಲ ಹಾಳು.

ನೀರು. ಅಲ್ಲಿ ನಲ್ಲಿ ನೀರು ಕುಡಿಯಬಹುದು, ಒಂದು ಬಾಟಲಿ ಇಟ್ಟುಕೊಂಡು ತುಂಬಿಸುತ್ತಿರು. ‘ಕೈನ್ ಟ್ರಿಂಕ್‌ವಾಸರ್’, ಅಂದರೆ ಕುಡಿಯುವ ನೀರಲ್ಲ, ಅಂತ ಬೋರ್ಡ್ ಇರುವ ನಲ್ಲಿ ಬಿಡು. ಗಾಜಿನ ಬಾಟಲಿ ಬೇಡವೇ ಬೇಡ, ಗೇಟಲ್ಲೇ ಇಸಿದುಕೊಳ್ಳುತ್ತಾರೆ. ಕೊಳ್ಳುವುದಾದರೆ ಬಾಟಲಿ ಮೇಲೆ ‘ಸ್ಟಿಲ್’ ಅಂತ ಇದೆಯಾ ನೋಡು, ಇಲ್ಲದಿದ್ದರೆ ಸೋಡಾ ಕುಡಿದ ಹಾಗೆ ಆಗುತ್ತದೆ. ಬಿಸಾಡುವ ಪ್ಲಾಸ್ಟಿಕ್ ಬಾಟಲಿಗೂ ಕ್ಯಾನ್‌ಗೂ 25 ಸೆಂಟ್ ಫಾಂಡ್ ಇರುತ್ತದೆ, ಅಂದರೆ ಖಾಲಿ ಬಾಟಲಿ ಕೊಟ್ಟರೆ ವಾಪಸ್ ಬರುವ ಡೆಪಾಸಿಟ್. ಅಗ್ಗದ ಅಂಗಡಿಯಲ್ಲಿ ಕೆಲವು ಸಲ ಒಳಗಿನ ನೀರಿಗಿಂತ ಆ ಡೆಪಾಸಿಟ್ಟೇ ಜಾಸ್ತಿ! ಖಾಲಿ ಬಾಟಲಿ ನಜ್ಜುಗುಜ್ಜು ಮಾಡಬೇಡ, ಅಂಗಡಿಯಲ್ಲಿ ಬಾಟಲಿ ಹಾಕುವ ಮಷೀನು ತಗೊಳ್ಳುವುದಿಲ್ಲ. ಒಳಗೆ ಕಪ್‌ಗೆ ಡೆಪಾಸಿಟ್ ತಗೊಂಡರೆ ಕಪ್ ವಾಪಸ್ ಕೊಟ್ಟು ಇಸಿದುಕೋ, ನಾಚಿಕೆ ಏನಿಲ್ಲ, ಅಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ.

ಅತ್ತೆ, ವೆಜ್ ಖಂಡಿತ ಸಿಗುತ್ತದೆ, ಚಿಂತೆ ಮಾಡಬೇಡಿ. ಅವನು ಫಲಾಫೆಲ್ ಡ್ಯುರುಮ್, ಅಂದರೆ ಕಡಲೆ ವಡೆ ಸುತ್ತಿದ ರೋಲ್, ಅಂತ ಕೇಳಿದರೆ ಸಾಕು, ಹೆಚ್ಚಿನ ಡೋನರ್ ಕಬಾಬ್ ಅಂಗಡಿಗಳಲ್ಲಿ ಕೊಡುತ್ತಾರೆ, ಹೊಟ್ಟೆ ತುಂಬುತ್ತದೆ. ಆದರೆ ಪುಟ್ಟ, ಎರಡು ಕಡೆ ಹುಷಾರು. ಗಮ್ಮಿ ಮಿಠಾಯಿಯಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ್ದು, ಮೇಳದಲ್ಲಿ ಫ್ರೀ ಅಂತ ಹಂಚುವುದೂ ಬಹಳ ಸಲ ಅದೇ. ಇನ್ನೊಂದು, ಕಲೋನ್ ಕಡೆ ರೈಬೆಕೂಖೆನ್ ಅಂತ ಆಲೂಗಡ್ಡೆ ತುರಿದು ಎಣ್ಣೆಯಲ್ಲಿ ಕರಿದು ಕೊಡುತ್ತಾರೆ. ತುಂಬಾ ಚೆನ್ನಾಗಿರುತ್ತದೆ, ಆದರೆ ಸಾಮಾನ್ಯವಾಗಿ ಮೊಟ್ಟೆ ಹಾಕಿರುತ್ತಾರೆ. ತಿನ್ನುತ್ತೀಯೋ ಇಲ್ಲವೋ ನಿನಗೆ ಬಿಟ್ಟಿದ್ದು, ಈ ಗ್ರೂಪಲ್ಲಿ ಹೇಳಬೇಡ ಅಷ್ಟೇ.

ದಿನಕ್ಕೆ ಒಂದು ಬಿಸಿ ಊಟ ಬೇಕೇ ಬೇಕು, ಬರೀ ಬ್ರೆಡ್ಡಲ್ಲಿ ಆಗುವುದಿಲ್ಲ. ಅದನ್ನು ಸಂಜೆಗೆ ಇಟ್ಟುಕೋ. ಮೇಳದ ಪಕ್ಕದ ಮೆಸ್ಸೆ/ಡಾಯ್ಟ್ಸ್ ಸ್ಟೇಷನ್‌ನಿಂದ ಸ್ವಲ್ಪ ನಡೆದರೆ ಡಾಯ್ಟ್ಸರ್ ಫ್ರೈಹೈಟ್ ಅಂತ ರಸ್ತೆ ಸಿಗುತ್ತದೆ, ಊರಿನವರೇ ದಿನಾ ಓಡಾಡುವ ಅಂಗಡಿ ಬೀದಿ. ಮೇಳದ ಬಾಗಿಲಿನ ಮುಂದೆ ತಿನ್ನುವ ಬದಲು ಅಲ್ಲಿಗೆ ಹೋಗು. ಒಂದು ಇಪ್ಪತ್ತು ಯೂರೋ ನೋಟು ಕೈಯಲ್ಲಿರಲಿ, ಚಿಕ್ಕ ಅಂಗಡಿಗಳಲ್ಲಿ ಈಗಲೂ ಕಾರ್ಡ್ ಬೇಡ ಅನ್ನುವವರಿದ್ದಾರೆ. ಕಟ್ಟಿಸಿಕೊಂಡು ರೈನ್ ನದಿ ದಂಡೆಯ ಮೆಟ್ಟಿಲ ಮೇಲೆ ಕೂತು ತಿನ್ನು, ಎದುರಿಗೇ ಆ ದೊಡ್ಡ ಕೆಥೆಡ್ರಲ್ ಕಾಣುತ್ತದೆ, ಕೂರುವುದಕ್ಕೆ ಯಾರಿಗೂ ಒಂದು ಸೆಂಟೂ ಕೊಡಬೇಕಿಲ್ಲ. ಟೂ ಗುಡ್ ಟು ಗೋ ಆ್ಯಪ್ ಹಾಕಿಕೋ, ಬೇಕರಿಯವರು ಮುಚ್ಚುವ ಹೊತ್ತಿಗೆ ಉಳಿದಿದ್ದನ್ನು ಕಡಿಮೆಗೆ ಕೊಡುತ್ತಾರೆ. ಚೀಲದಲ್ಲಿ ಏನಿರುತ್ತದೆ ಅಂತ ಮೊದಲೇ ಗೊತ್ತಾಗುವುದಿಲ್ಲ, ವೆಜ್ ಅಂತ ಹಾಕಿರುವುದನ್ನೇ ನೋಡಿ ತಗೋ.

ಇನ್ನು ಟಾಯ್ಲೆಟ್. ಹಾಲ್ ಒಳಗೆ ಫ್ರೀ, ಸ್ಟೇಷನ್‌ನಲ್ಲಿ ದುಡ್ಡು ಕೊಡಬೇಕು. ಹೊರಡುವ ಮುಂಚೆ ಅಲ್ಲೇ ಮುಗಿಸಿಕೋ. ಮಧ್ಯದಲ್ಲಿ ಹೊರಗೆ ಹೋದರೆ ಮತ್ತೆ ಒಳಗೆ ಬಿಡುತ್ತಾರಾ ಅಂತ ಗೇಟಲ್ಲೇ ಕೇಳಿಕೊಂಡು ಕಾಲಿಡು.

ಮಾತ್ರೆ ಮನೆಯಿಂದಲೇ ತಗೊಂಡು ಹೋಗು, ಮರೆಯಬೇಡ. ಅಲ್ಲಿ ಪ್ಯಾರಾಸಿಟಮಾಲ್ ಕೂಡ ಅಪೊಥೆಕೆ ಅನ್ನುವ ಔಷಧಿ ಅಂಗಡಿಯಲ್ಲೇ ಸಿಗುವುದು, ಡಿಎಂ ಅಂಗಡಿಯಲ್ಲಿ ಸಿಗುವುದಿಲ್ಲ. ಭಾನುವಾರ ಡ್ಯೂಟಿ ಮೇಲಿರುವ ಅಪೊಥೆಕೆ ಎಲ್ಲಿದೆ ಅಂತ ಹುಡುಕಬೇಕು, ಅದೂ ತಲೆನೋವು ಇಟ್ಟುಕೊಂಡು. ಪವರ್‌ಬ್ಯಾಂಕ್ ಫುಲ್ ಇರಲಿ, ಟಿಕೆಟ್ ಫೋನಲ್ಲೇ ಇರುವುದು ಅಲ್ವಾ. ಗುರುತಿನ ಚೀಟಿಯೂ ಬೇಕು, 16, 18 ವಯಸ್ಸಿನ ಗೇಮ್‌ಗಳಿಗೆ ವಯಸ್ಸು ನೋಡಿ ಕೈಗೆ ಬ್ಯಾಂಡ್ ಕಟ್ಟುತ್ತಾರೆ. ಅದಿಲ್ಲದೆ ಕ್ಯೂಗೇ ಸೇರಿಸುವುದಿಲ್ಲ.

ಉಳಿಯುವುದಕ್ಕೆ ಕಲೋನ್‌ನಲ್ಲಿ ಹೋಟೆಲ್ ನೋಡಲೇಬೇಡ, ಆ ವಾರ ರೇಟು ಆಕಾಶದಲ್ಲಿರುತ್ತದೆ. ಡಾಯ್ಟ್ಸ್‌ನಲ್ಲೇ ಯೂತ್ ಹಾಸ್ಟೆಲ್ ಇದೆ, ಬ್ರೇಕ್‌ಫಾಸ್ಟ್ ಸೇರಿಸಿ ಕೊಡುತ್ತಾರೆ, ಆದರೆ ಬಹಳ ಬೇಗ ತುಂಬಿಬಿಡುತ್ತದೆ, ಮೆಂಬರ್‌ಶಿಪ್ ಕಾರ್ಡೂ ಬೇಕು. ಸುಮ್ನೆ ಡುಸೆಲ್ಡಾರ್ಫ್‌ಗೆ ನಮ್ಮನೆಗೆ ಬಾ. ನಿನ್ನ ಹತ್ತಿರ ಕಾಲೇಜಿನ ಡಾಯ್ಚ್‌ಲಾಂಡ್‌ಟಿಕೆಟ್ (ಲೋಕಲ್ ರೈಲು, ಬಸ್ಸಿನ ಪಾಸ್) ಇದೆಯಲ್ಲ, ನೀನಿರುವ ಆಖನ್‌ನಿಂದ ಆರ್‌ಇ 1 ರೈಲು ಹತ್ತಿದರೆ ಅದು ಡಾಯ್ಟ್ಸ್‌ನಲ್ಲೂ ನಿಲ್ಲುತ್ತದೆ, ಅದೇ ರೈಲು ಡುಸೆಲ್ಡಾರ್ಫ್‌ಗೂ ಬರುತ್ತದೆ. ದೂರದೂರಿಗೆ ಓಡುವ ಐಸಿಇ ಎಕ್ಸ್‌ಪ್ರೆಸ್ ಮಾತ್ರ ಹತ್ತಬೇಡ, ಆ ಟಿಕೆಟ್ ಅದರಲ್ಲಿ ನಡೆಯುವುದಿಲ್ಲ. ಜೊತೆಗೆ ಬರುವ ನಿನ್ನ ಫ್ರೆಂಡ್‌ಗೆ ಈ ರೈಲು ಟಿಕೆಟ್ ಇಲ್ಲ ಅಂದಿದ್ದೆ. ಅವನು ಆಗಸ್ಟ್‌ಗೆ ಮಾತ್ರ ಅಂತ ತಗೊಂಡರೆ ಆಗಸ್ಟ್ 10ನೇ ತಾರೀಖಿನೊಳಗೆ ರದ್ದು ಮಾಡಲಿ, ಅದು ಚಂದಾ ಲೆಕ್ಕ, ಇಲ್ಲದಿದ್ದರೆ ಸೆಪ್ಟೆಂಬರ್‌ಗೂ 63 ಯೂರೋ ಕಿತ್ತುಕೊಳ್ಳುತ್ತಾರೆ. ಬರೀ ಎರಡು ದಿನಕ್ಕಾದರೆ ಬಿಡಿ ಟಿಕೆಟ್ ಎಷ್ಟಾಗುತ್ತದೆ ಅಂತಲೂ ಲೆಕ್ಕ ಹಾಕಿ ನೋಡಲಿ. ಹಿಂದಿನ ರಾತ್ರಿ ಆ್ಯಪಲ್ಲಿ ರೈಲು ಓಡುತ್ತಾ ನೋಡಿಕೊಳ್ಳಿ, ವೀಕೆಂಡ್‌ನಲ್ಲಿ ಹಳಿ ರಿಪೇರಿ ಅಂತ ಬಸ್ ಹತ್ತಿಸುವುದು ಇಲ್ಲಿ ಇದ್ದದ್ದೇ.

ನೀವಿಬ್ಬರೂ ಶುಕ್ರವಾರ ರಾತ್ರಿಯೇ ಬರುತ್ತೀರೋ ಶನಿವಾರ ನೇರ ಮೇಳಕ್ಕೆ ಹೋಗಿ ಆಮೇಲೆ ಬರುತ್ತೀರೋ, ಅದನ್ನು ಇಲ್ಲೇ ಬರೆ. ಶನಿವಾರ ಆದರೆ ಬೆಳಿಗ್ಗೆಯದ್ದು ಆಖನ್‌ನಲ್ಲೇ ಕಟ್ಟಿಕೊಳ್ಳಿ, ಭಾನುವಾರಕ್ಕೆ ನೀವು ಶನಿವಾರ ತಂದಿದ್ದರ ಜೊತೆಗೆ ಒಂದು ಡಬ್ಬಿ ನಾನು ಕಟ್ಟಿಕೊಡುತ್ತೇನೆ. ಡಬ್ಬಿ ಮುಚ್ಚಳದ ಸಮೇತ ವಾಪಸ್ ಬರಬೇಕು.