ಅಪ್‌ಡೇಟ್: ನಾನು ನೋಡ್ಕೊಳ್ತಿರೋ ಕುದುರೆನ ಕೊಂಡ್ಕೊಳ್ಳೋ ಆಸೆ, ಕೊನೆಗೂ ಬಾಯ್ಬಿಟ್ಟೆ

ಹೋದ್ಸಲ ಕೇಳಿದ್ನಲ್ಲ, ಎರಡು ವರ್ಷದಿಂದ ಬೇರೆಯವ್ರ ಹೆಣ್ಣು ಕುದುರೆಗೆ ಮೈ ಉಜ್ಜೋದು, ಗೊರಸು ಕ್ಲೀನ್ ಮಾಡೋದು, ಲಾಯ ಗುಡಿಸೋದು ಎಲ್ಲ ನಾನೇ ಮಾಡ್ತಿದೀನಿ, ಮುಂದೊಂದಿನ ನನಗೇ ಮಾರ್ತೀರಾ ಅಂತ ಓನರ್‌ನ ಕೇಳ್ಲಾ ಬೇಡ್ವಾ ಅಂತ. ಕೇಳ್ಬಿಟ್ಟೆ!

ಅವ್ರು ನಕ್ಕು, ಈಗ್ಲೇ ಮಾರಲ್ಲಮ್ಮ, ಆದ್ರೆ ಮಾರೋ ದಿನ ಬಂದ್ರೆ ಮೊದಲು ನಿನ್ನನ್ನೇ ಕೇಳ್ತೀನಿ ಅಂದ್ರು. ನೀವು ಹೇಳಿದ್ ಹಾಗೆ ಅದನ್ನ ಒಂದು ಹಾಳೆಲಿ ಬರೆಸ್ಕೊಂಡೆ, ಸ್ವಲ್ಪ ಮುಜುಗರ ಆಯ್ತು ಆದ್ರೂ ಬಿಡಲಿಲ್ಲ.

ಆಮೇಲೆ ಕೂತ್ಕೊಂಡು ಲೆಕ್ಕ ಹಾಕಿದ್ರೆ ಎದೆ ಧಸಕ್ ಅಂತು. ಕೊಳ್ಳೋ ದುಡ್ಡು ಒಂದ್ಸಲ ಕೊಟ್ರೆ ಮುಗೀತು, ಆದ್ರೆ 6ರಿಂದ 8 ವಾರಕ್ಕೊಂದ್ಸಲ ಗೊರಸು ಕತ್ತರಿಸಿ ಲಾಳ ಹೊಡೆಸ್ಬೇಕು, ವರ್ಷಕ್ಕೊಮ್ಮೆಯಾದ್ರೂ ಹಲ್ಲು ತೋರಿಸ್ಬೇಕು, ಲಸಿಕೆ, ಜಂತುಹುಳದ ಔಷಧಿ, ಇದ್ರ ಮಧ್ಯೆ ರಾತ್ರೋರಾತ್ರಿ ಹೊಟ್ಟೆನೋವು ಬಂದ್ರೆ ಡಾಕ್ಟರ್ ಓಡ್ಬರ್ಬೇಕು, ಯಾಕಂದ್ರೆ ಕುದುರೆಗೆ ವಾಂತಿ ಮಾಡಿ ಹೊಟ್ಟೆ ಹಗುರ ಮಾಡ್ಕೊಳ್ಳಕ್ಕೇ ಆಗಲ್ಲ. ಅವಳಿಗೆ ಈಗ 12, ಚೆನ್ನಾಗಿ ನೋಡ್ಕೊಂಡ್ರೆ 25 ದಾಟಬಹುದು, ಅಂದ್ರೆ ಇನ್ನೂ ಹದಿಮೂರು ವರ್ಷಕ್ಕೂ ಜಾಸ್ತಿ ಜವಾಬ್ದಾರಿ.

ಅದಕ್ಕೆ ಈಗ ಕುದುರೆ ಇದೆ ಅಂದ್ಕೊಂಡೇ ಪ್ರತಿ ತಿಂಗಳು ಆ ಖರ್ಚನ್ನ ಬೇರೆ ಅಕೌಂಟ್‌ಗೆ ಹಾಕ್ತಿದೀನಿ. ಮೂರು ತಿಂಗಳು ಆಯ್ತು, ಒಂದ್ ತಿಂಗಳು ತಪ್ತು, ಸುಳ್ಳು ಹೇಳಲ್ಲ. ಕೊಳ್ಳೋ ಮುಂಚೆ ಓನರ್ ಕಡೆ ಡಾಕ್ಟರ್ ಬಿಟ್ಟು ಬೇರೆಯವ್ರ ಹತ್ರ ಕಾಲು, ಉಸಿರು, ಕಣ್ಣು ಚೆಕ್ ಮಾಡ್ಸೋದು ಗ್ಯಾರಂಟಿ.

ಇವತ್ತು ಈ ವಿಷಯನೆಲ್ಲ ಅವಳಿಗೆ ಹೇಳ್ತಿದ್ದೆ, ಮಹಾರಾಣಿ ನನ್ನ ಟೋಪಿ ಕಚ್ಚಿ ನೀರಿನ ತೊಟ್ಟಿಗೆ ಹಾಕಿದ್ಲು.